ಎಲೆಯ ಮೇಲೆ ಬೆರಳು

“ಇದು ಆರ್ಗ್ಯಾನಿಕ್ಕಾ? ಕನ್ನಡಕ ಮರೆತು ಬಂದಿದೀನಿ, ಸ್ವಲ್ಪ ಓದಿ ಹೇಳ್ತೀರಾ? ಅಕ್ಕ ಬಸುರಿ, ಅಂಥದ್ದೇ ದ್ರಾಕ್ಷಿ ಬೇಕಂತೆ.”

ಎದುರು ಸಾಲಿನ ದರ್ಜಿ ಹುಡುಗಿ. ಕೊರಳಲ್ಲಿ ಅಳತೆ ಟೇಪು, ಕೂದಲಲ್ಲಿ ಸಿಕ್ಕಿಕೊಂಡ ಒಂದೆಳೆ ಕೆಂಪು ದಾರ.

ಕಿರಾಣಿ ಅಂಗಡಿಯಲ್ಲಿ ಒಣದ್ರಾಕ್ಷಿ ಪೊಟ್ಟಣ ಕಟ್ಟಿ, ಹಸಿರೆಲೆಯ ಚೀಟಿ ಅಂಟಿಸುವವನು ನಾನೇ. ಎಲೆ ಇದ್ದರೆ ಔಷಧಿ ಹೊಡೆಯದ್ದು ಎಂದು ನನ್ನಷ್ಟಕ್ಕೆ ತಿಳಿದುಕೊಂಡಿದ್ದೆ. ಯಾರನ್ನಾದರೂ ಕೇಳಿದರೆ ಓದು ಬಾರದ ಗುಟ್ಟು ರಟ್ಟಾಗುತ್ತಿತ್ತಲ್ಲ.

ಅವಳ ಕಣ್ಣು ನನ್ನ ಮೇಲಿತ್ತು. ಚೀಟಿಯ ಮೇಲೆ ಬೆರಳಾಡಿಸಿ, “ಆರ್ಗ್ಯಾನಿಕ್. ಔಷಧಿ ಒಂದು ಹನಿಯೂ ಇಲ್ಲ” ಎಂದು ಓದಿದಂತೆ ಹೇಳಿದೆ.

“ಎಷ್ಟು ಚೆನ್ನಾಗಿ ಓದ್ತೀರಿ!” ತುಟಿಯಂಚಿನಲ್ಲಿ ನಕ್ಕಳು. ನಾಲ್ಕು ವಾರ ಬಂದಳು. ನಾಲ್ಕು ವಾರವೂ ಓದಿದೆ.

ಐದನೆಯ ವಾರ ಗಿರಾಕಿಯೊಬ್ಬರು ಮಾಲೀಕರೊಡನೆ ಜಗಳಕ್ಕೆ ನಿಂತರು.

“ಆರ್ಗ್ಯಾನಿಕ್ ಅಂತ ನಾವೆಲ್ಲಿ ಬರೆದಿದೀವಿ ಸ್ವಾಮಿ? ನ್ಯಾಚುರಲ್ ಅಂತಷ್ಟೇ ಇದೆ. ಅದನ್ನ ಯಾರು ಬೇಕಾದ್ರೂ ಹಾಕ್ಕೋಬಹುದು. ಆರ್ಗ್ಯಾನಿಕ್ ಅನ್ಬೇಕಾದ್ರೆ ತಪಾಸಣೆ ಆಗ್ಬೇಕು, ಸರ್ಟಿಫಿಕೇಟ್ ಬೇಕು” ಎಂದರು ಮಾಲೀಕರು.

ಗೋಂದು ಮೆತ್ತಿದ ನನ್ನ ಬೆರಳು ನೋಡಿಕೊಂಡೆ. ಬಸುರಿಗೆ ಸುಳ್ಳು ತಿನ್ನಿಸಿದ ಕೈ. ದರ್ಜಿ ಹುಡುಗಿ ಬಂದಾಗ ಮೂಟೆಗಳ ಹಿಂದೆ ಅಡಗಿದೆ. ಅವಳ ಚಪ್ಪಲಿಗಳಷ್ಟೇ ಕಾಣುತ್ತಿದ್ದವು. ಬಹಳ ಹೊತ್ತು ಅಲ್ಲೇ ನಿಂತಿದ್ದವು.

ಮರುದಿನ ಅವಳ ಅಂಗಡಿಗೇ ಹೋದೆ.

“ಅದು ಆರ್ಗ್ಯಾನಿಕ್ ಅಲ್ಲ. ಅಕ್ಕನಿಗೆ ಕೊಡಬೇಡಿ. ನನಗೆ... ಓದೋಕೆ ಬರಲ್ಲ.”

ಹೊಲಿಗೆ ಯಂತ್ರ ನಿಂತಿತು.

“ಗೊತ್ತು. ಮೊದಲು ಮೋಸಗಾರ ಅಂದ್ಕೊಂಡೆ. ಆಮೇಲೆ ನೋಡಿದ್ರೆ ನಿಮ್ಮ ಬೆರಳು ಅಕ್ಷರ ಬಿಟ್ಟು ಎಲೆ ಮೇಲೆ ಓಡಾಡ್ತಿತ್ತು.” ಅವಳ ಮುಖವೂ ಕೆಂಪೇರಿತ್ತು. “ಕನ್ನಡಕ ಚೀಲದಲ್ಲೇ ಇತ್ತು ಕಣ್ರೀ. ನಿಮ್ಮ ಹತ್ರ ಮಾತಾಡೋಕೆ ಹಾಗಂದೆ. ಗೊತ್ತಾದ ಮೇಲೂ ಓದಿಸ್ದೆ. ನನ್ನದೂ ತಪ್ಪೇ.”

“ಮತ್ತೆ ಅಕ್ಕ?”

“ಅವಳಿಗೆ ಬೇರೆ ಕಡೆಯಿಂದ ತಂದ್ಕೊಟ್ಟೆ. ನಿಮ್ಮ ದ್ರಾಕ್ಷಿನೆಲ್ಲ ನಾನೇ ತಿಂದೆ, ಹೊಟ್ಟೆನೋವು ಬರೋಷ್ಟು!”

ನಗು ಬಂತು, ನಾಚಿಕೆ ಹೋಗಲಿಲ್ಲ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವನ್ನು ಅವಳು ನನ್ನ ಕೈಗಿಟ್ಟಳು. “ಕೂತ್ಕೊಳ್ಳಿ. ಇವತ್ತಿಂದ ಎಲೆ ನೋಡೋದು ಬಿಡಿ.”

ಈಗ ನಮ್ಮ ಮೊಮ್ಮಕ್ಕಳೇ ಓದುವ ವಯಸ್ಸಿಗೆ ಬಂದಿದ್ದಾರೆ. ಅವಳ ಕಣ್ಣು ನಿಜವಾಗಿಯೂ ಮಂಜಾಗಿದೆ. ಅಂಗಡಿಯಲ್ಲಿ ಪೊಟ್ಟಣ ತಿರುವಿ, ಸಣ್ಣಕ್ಷರಗಳನ್ನು ಕೂಡಿಸಿ ಕೂಡಿಸಿ ಓದಿ ಹೇಳುತ್ತೇನೆ. ತಿಳಿಯದಿದ್ದರೆ ತಿಳಿಯಲಿಲ್ಲ ಅನ್ನುತ್ತೇನೆ. ಇಂದಿಗೂ ಕಿವಿ ಬಿಸಿಯಾಗುತ್ತದೆ. ಅವಳು ತಡಕಾಡಿ ಆ ಕಿವಿಯನ್ನೇ ಹಿಡಿಯುತ್ತಾಳೆ.

“ಎಷ್ಟು ಚೆನ್ನಾಗಿ ಓದ್ತೀರಿ!”