ಚಿನ್ಮಯಿಯ ಪ್ಯಾಚ್

“ರೀ, ಅದು ನನ್ನ ಪ್ರಿಂಟ್‌ಔಟು!”

“ನಿಮ್ದಲ್ಲ, ನಂದು. ಬೇಕಾದ್ರೆ ಓದಿ ಹೇಳ್ಲಾ?” ಎಂದಳು ಚಿನ್ಮಯಿ.

ಎರಡು ಸಾವಿರದ ಇಸವಿ, ಮಸೀದಿ ರಸ್ತೆಯ ಬ್ರೌಸಿಂಗ್ ಸೆಂಟರು. ಎಲ್ಲರಿಗೂ ಪುಕ್ಕಟೆ ಸಿಗುವ ಒಂದು ಮೇಲ್ ಪ್ರೋಗ್ರಾಮಿನ ಸಿ ಭಾಷೆಯ ಕೋಡನ್ನು ಸುನಿಲ್, ಚಿನ್ಮಯಿ ಇಬ್ಬರೂ ಅಚ್ಚು ಹಾಕಿಸಿದ್ದರು. ಹುಡುಕುತ್ತಿದ್ದ ತಪ್ಪೂ ಒಂದೇ. ಹೊರಗಿನವರ ಮಾತನ್ನು ಅಚ್ಚು ಹಾಕುವ ಮುಂಚೆ ‘ಪರ್ಸೆಂಟ್ ಎಸ್’ ಹಾಕಿ, ಇದು ಬರೀ ಅಕ್ಷರ ಎಂದು ಹೇಳಬೇಕು. ಮರೆತರೆ, ಪ್ರೋಗ್ರಾಮು ಬಂದವನ ಮಾತನ್ನೇ ಅಪ್ಪಣೆಯೆಂದು ತಿಳಿದು ಬೀಗದ ಕೈ ಕೊಟ್ಟುಬಿಡುತ್ತದೆ.

ಆಮೇಲಿನ ಭಾನುವಾರಗಳೆಲ್ಲ ಇಬ್ಬರವೂ ಆದವು. ಸುನಿಲ್ ಎರಡು ಸಲ ದಾಟಿಹೋಗಿದ್ದ ಪುಟದಲ್ಲೇ ಚಿನ್ಮಯಿ ಆ ತಪ್ಪಿರುವ ಮೂರು ಜಾಗ ಹಿಡಿದಳು.

“ನಿನ್ ಕಣ್ಣಲ್ಲಿ ಏನಿದೆಯೇ?”

“ಕನ್ನಡಕ,” ಎಂದಳು. ಅವನು ನೋಡುತ್ತಲೇ ಇದ್ದ. ಅವಳೇ ಸೋತು ಕಾಗದದತ್ತ ತಿರುಗಿದಳು.

ಹುಡುಕಿದವರು ಕೋಡ್ ಬರೆದವನಿಗೆ ಗುಟ್ಟಾಗಿ ತಿಳಿಸುವುದು, ಅವನು ತಿದ್ದಿದ ಮೇಲೆ ಅವರ ಹೆಸರು ಹಾಕಿ ಸಾರುವುದು ಈ ಕೆಲಸದ ಪದ್ಧತಿ. ಚಿನ್ಮಯಿಗೆ ಆ ಹೆಸರು ಬೇಕಿತ್ತು. ನಿಮ್ಮ ಹೆಸರಿರುವ ಒಂದು ಕೆಲಸ ತೋರಿಸಿ ಎಂದು ಇಂದಿರಾನಗರದ ಕಂಪನಿಯೊಂದು ಅವಳನ್ನು ವಾಪಸು ಕಳಿಸಿತ್ತು. ಮನೆಯಲ್ಲಿ ಇಂಟರ್ನೆಟ್ ಇಲ್ಲ, ಸೆಂಟರಿನಲ್ಲಿ ಫ್ಲಾಪಿ ಹಾಕಲು ಬಿಡುವುದಿಲ್ಲ. ತಪ್ಪು ತಿದ್ದುವ ಸಾಲುಗಳ ಪ್ಯಾಚನ್ನು ಫ್ಲಾಪಿಗೆ ಹಾಕಿ ಸುನಿಲ್ ಕೈಗಿಟ್ಟಳು, ಆಫೀಸಿನಿಂದ ಕಳಿಸುತ್ತೇನೆಂದ.

ಮೂರು ವಾರಕ್ಕೆ ಪ್ರಕಟಣೆ ಬಂತು. ಹುಡುಕಿದವರು: ಸುನಿಲ್.

“ನನ್ ಹೆಸ್ರೆಲ್ಲಿ?”

“ಮೇಲ್ ನನ್ ಐಡಿಯಿಂದ ಹೋಯ್ತಲ್ಲ. ಬಿಡು ಚಿನ್ನು, ಮದ್ವೆ ಆದ್ಮೇಲೆ ನಂದು ನಿಂದು ಅಂತ ಏನಿದೆ? ಅಮ್ಮನ ಹತ್ರ ಮಾತಾಡಿದೀನಿ.”

ಐದು ತಿಂಗಳಿಂದ ಕಾದಿದ್ದ ಮಾತು. ಅವಳ ಕೆನ್ನೆ ಕೆಂಪೇರಿತು ಕೂಡ. ಅದಕ್ಕೇ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

“ಹಾಗಾದ್ರೆ ಈಗ್ಲೇ ಬರಿ, ಹುಡುಕಿದ್ದು ಚಿನ್ಮಯಿ ಅಂತ.”

“ಮ್ಯಾನೇಜರ್ ನೋಡ್ಬಿಟ್ಟಿದಾರೆ ಕಣೇ, ನನ್ನ ಟೀಮ್ ಲೀಡ್ ಮಾಡ್ತಾರಂತೆ. ಇನ್ನೊಂದು ಬಗ್ ಹುಡುಕೋಣ, ಅದಕ್ಕೆ ನಿನ್ ಹೆಸ್ರು.”

ಅವಳು ಸೆಂಟರಿನ ಕಂಪ್ಯೂಟರಿನಲ್ಲೇ ಪ್ರಕಟವಾದ ಪ್ಯಾಚ್ ತೆರೆದಳು. ತನ್ನದೆಂದು ಕಾಣಲಿ ಎಂದು ಸುನಿಲ್ ಅದನ್ನು ಅಲ್ಲಲ್ಲಿ ಬದಲಿಸಿದ್ದ. ಆ ಭರದಲ್ಲಿ ಮೂರನೆಯ ಜಾಗ ಬಿಟ್ಟುಹೋಗಿತ್ತು. ನಿನ್ನೆಯಾಗಿದ್ದರೆ ಅವನ ಕಿವಿಯಲ್ಲಿ ಹೇಳುತ್ತಿದ್ದಳು. ಈಗ ಕೋಡ್ ಬರೆದವನಿಗೇ ಬರೆಯತೊಡಗಿದಳು: ಸುನಿಲ್ ಅವರ ಪ್ಯಾಚ್ ಅಪೂರ್ಣ.

“ಚಿನ್ನು, ಬೇಡ! ಆಫೀಸಲ್ಲಿ ನನ್ ಮಾನ ಹೋಗುತ್ತೆ!”

“ಮದ್ವೆ ಇನ್ನೂ ಆಗಿಲ್ವಲ್ಲ. ನಂದು ನಂದೇ, ನಿಂದು ನಿಂದೇ,” ಎಂದು ಚಿನ್ಮಯಿ ಮೇಲ್ ಕಳಿಸಿಯೇಬಿಟ್ಟಳು.

ಮುಂದಿನ ಪ್ರಕಟಣೆ ಚಿನ್ಮಯಿಯ ಹೆಸರು ಹೊತ್ತು ಬಂತು, ಅದನ್ನು ತೋರಿಸಿ ಇಂದಿರಾನಗರದ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಆವತ್ತು ಮನೆಯಲ್ಲಿ ಎಲ್ಲರಿಗೂ ಪೇಡ ಕೊಟ್ಟು ಫೋನ್ ಎತ್ತಿಕೊಂಡಳು. ತಾನು ಹುಡುಕಿದ್ದು ಏನೆಂದು ಅರ್ಥವಾಗುವವನು ಇಡೀ ಊರಿಗೆ ಸುನಿಲ್ ಒಬ್ಬನೇ ಇದ್ದ. ನಂಬರು ಒತ್ತದೆ ಫೋನ್ ಇಟ್ಟುಬಿಟ್ಟಳು.