ಭುವನೇಶ್ವರಿಯ ಗ್ಲೌಸಿಗೆ ಎಣ್ಣೆ ಹಚ್ಚಿದವರು ಯಾರು?

ಅಂಗಳದ ಹಗ್ಗದ ಮೇಲೆ ಒಣಗಿದ್ದ ಗ್ಲೌಸು ಹಾಕಿಕೊಂಡು ಭುವನೇಶ್ವರಿ ಚೆಂಡನ್ನು ಗೋಡೆಗೆ ಎಸೆದಳು. ತಿರುಗಿ ಬಂದ ಚೆಂಡು ಅಂಗೈಯಿಂದ ಜಾರಿ ಉರುಳಿಹೋಯಿತು. ಮತ್ತೆ ಎಸೆದಳು. ಮತ್ತೆ ಜಾರಿತು. ಗ್ಲೌಸನ್ನು ಮೂಗಿನ ಹತ್ತಿರ ತಂದಳು—ಔಡಲೆಣ್ಣೆ!

"ಯವ್ವಾ! ನನ್ನ ಗ್ಲೌಸಿಗೆ ಯಾರೋ ಎಣ್ಣಿ ಹಚ್ಯಾರ!"

ಇಜೇರಿಯ ಅವಳ ಮನೆಯಲ್ಲಿ ರಾತ್ರಿ ತಂಗಿದ್ದ ಫುಟ್‌ಬಾಲ್ ತಂಡವೆಲ್ಲ ಅಂಗಳಕ್ಕೆ ಓಡಿಬಂತು. ಮಧ್ಯಾಹ್ನ ಜೇವರ್ಗಿಯಲ್ಲಿ ಅಫಜಲಪುರದ ವಿರುದ್ಧ ಫೈನಲ್. ಭುವನೇಶ್ವರಿ ಹವ್ಯಾಸಕ್ಕೆ ಆಡುವವಳಲ್ಲ, ದೊಡ್ಡ ಊರಿನ ಕ್ಲಬ್ಬೊಂದರಲ್ಲಿ ಸಂಬಳಕ್ಕಿದ್ದ ಗೋಲ್‌ಕೀಪರ್. ಬಲಭುಜದ ಕೀಲು ತಪ್ಪಿ ಒಂದು ಇಡೀ ಸೀಸನ್ ಬೆಂಚಿನ ಮೇಲೆ ಕುಳಿತು ಎದ್ದವಳು. ಇವತ್ತು ಆ ಕ್ಲಬ್ಬಿನ ಕೋಚ್ ಅವಳ ಆಟ ನೋಡಲು ಬರುವವರಿದ್ದರು. ಚೆನ್ನಾಗಿ ಆಡಿದರೆ ಹೊಸ ಕರಾರು. ಇಲ್ಲದಿದ್ದರೆ ಆಟದ ಅನ್ನ ಇಲ್ಲಿಗೆ ಮುಗಿಯಿತು.

ಅಂಗೈಯ ರಬ್ಬರಿಗೆ ಎಣ್ಣೆ ತಾಗಿದರೆ ಆ ಗ್ಲೌಸು ಕೆಟ್ಟಂತೆಯೇ. ಉಳಿದ ಜೊತೆಗಳು ಕ್ಲಬ್ಬಿನ ಹಾಸ್ಟೆಲಿನಲ್ಲಿದ್ದವು.

"ನನ್ನವು ಹಾಕ್ಕೋ ಅಕ್ಕಾ" ಎಂದು ಶಿವಕಾಂತಾ ತನ್ನ ಗ್ಲೌಸು ಚಾಚಿದಳು. ನಿಂಬರ್ಗಾದ ಹುಡುಗಿ, ತಂಡದ ಎರಡನೆಯ ಗೋಲ್‌ಕೀಪರ್.

ಭುವನೇಶ್ವರಿ ಕೆಂಡವಾದಳು. "ಇದಕ್ಕೂ ಏನರ ಹಚ್ಚಿಯೇನು? ನಾ ಆಡಲಿಲ್ಲಂದ್ರ ಗೋಲಿನಾಗ ನಿಲ್ಲಾಕಿ ಯಾರು ಬೇ? ನೀನೇ ಅಲ್ಲೇನು?"

ಶಿವಕಾಂತಾಳ ಕಣ್ಣು ತುಂಬಿಬಂದವು. ಚಾಚಿದ ಕೈ ಹಾಗೆಯೇ ಇತ್ತು.

"ಎಲ್ರೂ ಸುಮ್ಮನಿರ್ರಿ" ಎಂದರು ತಂಡದ ಮ್ಯಾನೇಜರ್ ಕಾಶಿಬಾಯಿ. ಪೊಲೀಸ್ ಇಲಾಖೆಯಲ್ಲಿ ಎಎಸ್‌ಐ ಆಗಿ ನಿವೃತ್ತರಾದರೂ ಠಾಣೆಯ ಗತ್ತು ಇನ್ನೂ ನಿವೃತ್ತಿಯಾಗಿರಲಿಲ್ಲ. ಗ್ಲೌಸನ್ನು ಬಿಸಿಲಿಗೆ ಹಿಡಿದು ಹಿಂದೆ ಮುಂದೆ ತಿರುವಿದರು. ಬೆರಳ ಸಂದಿ, ಹೊಲಿಗೆ, ಮುಂಗೈ ಪಟ್ಟಿ ಎಲ್ಲವನ್ನೂ ಒತ್ತಿ ನೋಡಿದರು.

"ಶಿವಕಾಂತಾ, ಮುಂಜಾನಿ ನೀ ಇಲ್ಲಿಗಿ ಬಂದಿದ್ದಿ ಅಲ್ಲ?"

"ಬಂದಿದ್ದೆನ್ರಿ. ಮಾರಿ ತೊಳಕೊಂಡು ಒಳಗ ಹೋದೆ. ಗ್ಲೌಸ್ ಕಂಡ್ವು, ಮುಟ್ಟಿಲ್ರಿ ಮೇಡಂ."

ಗಾಡಿಯ ಡ್ರೈವರ್ ಮುರ್ತುಜಾ ತಾನಾಗಿಯೇ ಮುಂದೆ ಬಂದ. "ನಾ ಅಫಜಲಪುರದಾಂವ ಅಂತ ನನ್ನ ಮ್ಯಾಲ ಶಕ್ ಏನ್ರಿ? ಎದ್ದಾಗಿಂದ ಗಾಡಿಗಿ ಗ್ರೀಸ್ ಹಚ್ಚಾಕತ್ತೇನಿ. ನೋಡ್ರಿ ಕೈ!"

ಕೈ ಕರ್ರಗಿದ್ದವು. ಗ್ಲೌಸಿನ ಮೇಲೆ ಮಸಿಯ ಗುರುತೇ ಇರಲಿಲ್ಲ.

"ಗೌರಾಬಾಯಿ, ನಿಮ್ಮ ಕೈಯಾಗ ಎಣ್ಣಿ ಬಟ್ಟಲ ಅದ?"

ಭುವನೇಶ್ವರಿಯ ತಾಯಿ ಬಟ್ಟಲನ್ನು ಮುಂದೆ ಹಿಡಿದಳು. "ಕೊಬ್ಬರಿ ಎಣ್ಣಿ ಅದರಿ. ಹುಡಿಗ್ಯಾರ ತಲಿ ಬಾಚಾಕತ್ತಿದ್ದೆ. ಮಗಳು ಆಟ ಬಿಟ್ಟು ಮದಿವಿ ಆಗ್ಲಿ ಅಂತ ನನಗ ಆಸೆ ಅದ, ಸುಳ್ಳ್ಯಾಕ ಹೇಳ್ಲಿ? ಹಂಗಂತ ಆಕಿ ಅನ್ನಕ್ಕ ಕಲ್ಲು ಹಾಕಾಕಿ ಅಲ್ರಿ ನಾ!"

ಅಷ್ಟರಲ್ಲಿ ಅಜ್ಜ ಹಣಮಂತ್ರಾಯ ಹಿತ್ತಲಿನಲ್ಲಿ ಸ್ನಾನ ಮುಗಿಸಿ ಬಂದು ಕಟ್ಟೆಯ ಮೇಲೆ ಕುಳಿತ. ಅವನನ್ನು ಯಾರೂ ಏನೂ ಕೇಳಲಿಲ್ಲ. ಮೊಮ್ಮಗಳು ಆಟಕ್ಕೆಂದು ಊರು ಬಿಟ್ಟಂದಿನಿಂದ ಚೆಂಡಿನ ಸುದ್ದಿ ಬಂದರೆ ಸಾಕು, ಎದ್ದು ಹೋಗುವ ಮನುಷ್ಯ. ಮಡಿಯ ಧೋತರ ಉಟ್ಟು ರುಮಾಲು ಸುತ್ತಿದ್ದ. ಎಲ್ಲಿಗೋ ಸಂತೆಗೆ ಹೊರಟಿರಬೇಕು ಎಂದುಕೊಂಡಳು ಭುವನೇಶ್ವರಿ.

ಕಾಶಿಬಾಯಿ ಕಟ್ಟೆಯ ಕೆಳಗೆ ಬಗ್ಗಿ ಅವನ ತೊಗಲಿನ ಚಪ್ಪಲಿ ಎತ್ತಿ ನೋಡಿದರು. ಹಳೆಯ ಜೋಡು ಫಳಫಳ ಹೊಳೆಯುತ್ತಿತ್ತು. ಅದನ್ನು ಮೆಲ್ಲಗೆ ಕೆಳಗಿಟ್ಟರು.

"ಸಿಕ್ತು" ಎಂದರು.

"ಯಾರ್ರಿ? ಹೇಳ್ರಿ!"

"ಶಿವಕಾಂತಾ ಅಲ್ಲ. ಅಷ್ಟು ಖಾತ್ರಿ. ಹೆಸರು ಆಟ ಮುಗಿದ ಮ್ಯಾಲ ಹೇಳ್ತೇನಿ. ಈಗ ಹೇಳಿದ್ರ ನಿನ್ನ ಜೀವ ಗೋಲಿನಾಗ ನಿಲ್ಲಂಗಿಲ್ಲ."

ಭುವನೇಶ್ವರಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಶಿವಕಾಂತಾ ತನ್ನ ಗ್ಲೌಸನ್ನು ಅವಳ ಕೈಗೆ ತೊಡಿಸಿ ಪಟ್ಟಿ ಬಿಗಿದಳು. ಸ್ವಲ್ಪ ಬಿಗಿಯೇ ಆಯಿತು.

ಜೇವರ್ಗಿಯ ಮೈದಾನ ಕಿಕ್ಕಿರಿದಿತ್ತು. ಅಫಜಲಪುರದವರು ಮೊದಲಿನಿಂದಲೂ ಅವಳ ಬಲಗಡೆಗೇ ಗುರಿಯಿಟ್ಟರು. ಭುಜದ ಸುದ್ದಿ ಅವರಿಗೆ ಮುಟ್ಟಿತ್ತು. ಒಂದನ್ನು ಗುದ್ದಿ ಹೊರಗಟ್ಟಿದಳು, ಇನ್ನೊಂದನ್ನು ಎದೆಗವಚಿ ಹಿಡಿದಳು. ದ್ವಿತೀಯಾರ್ಧದಲ್ಲಿ ಅವಳು ದೂರಕ್ಕೆ ಒದ್ದ ಚೆಂಡನ್ನೇ ಹಿಡಿದು ಇವರ ಕಡೆಯವರು ಗೋಲು ಹೊಡೆದರು.

ಆಟ ಮುಗಿಯಲು ಬಂದಾಗ ಅಫಜಲಪುರಕ್ಕೆ ಪೆನಾಲ್ಟಿ ಸಿಕ್ಕಿತು.

ಭುವನೇಶ್ವರಿ ಗೆರೆಯ ಮೇಲೆ ಕೈ ಅಗಲಿಸಿ ನಿಂತಳು. ಎದುರಾಳಿ ಓಡಿಬಂದಳು. ಎಡಕ್ಕೆ ನೋಡಿದಳು, ಆದರೆ ಊರಿದ ಪಾದ ಬೇರೆ ಕಡೆ ತಿರುಗಿತ್ತು. ಬಲಕ್ಕೆ! ಅದೇ ಭುಜದ ಕಡೆ! ಭುವನೇಶ್ವರಿ ಮೈಯೆಲ್ಲ ಚಾಚಿ ಹಾರಿದಳು. ನೆಲಕ್ಕೆ ಬಿದ್ದಾಗ ಚೆಂಡು ಎರಡೂ ಅಂಗೈಗಳ ನಡುವೆ ಭದ್ರವಾಗಿತ್ತು.

ಗೆದ್ದರು! ಜನ ಮೈದಾನದೊಳಗೆ ನುಗ್ಗಿದರು. ಕ್ಲಬ್ಬಿನ ಕೋಚ್ ಬಂದು ಕೈ ಕುಲುಕಿದರು. "ಭುಜದ ಚಿಂತೆ ಬಿಡು. ಮುಂದಿನ ವಾರ ಬಂದು ಸಹಿ ಹಾಕು" ಎಂದರು.

ಭುವನೇಶ್ವರಿ ಅವರ ಎದುರಿಗೇ ಶಿವಕಾಂತಾಳನ್ನು ತಬ್ಬಿಕೊಂಡಳು. "ತಪ್ಪಾತು ಬೇ ತಂಗಿ. ನನ್ನ ಬಾಯಿ ಸುಡ್ಲಿ."

"ಇರ್ಲಿ ಬಿಡಕ್ಕಾ. ಮೊದ್ಲ ಕಳ್ಳ ಯಾರಂತ ಕೇಳು."

ಕಾಶಿಬಾಯಿ ಇಬ್ಬರನ್ನೂ ಪಕ್ಕಕ್ಕೆ ಕರೆದರು. "ಕೆಡಿಸಬೇಕು ಅನ್ನಾಕಿ ಎಲ್ಲಿ ಹಚ್ತಾಳ? ಅಂಗೈಗೆ, ಅವಸರದಾಗ. ಆದ್ರ ಈ ಎಣ್ಣಿ ಎಲ್ಲೆಲ್ಲಿ ಇತ್ತು? ಬೆನ್ನಿಗಿ, ಪಟ್ಟಿಗಿ, ಒಂದೊಂದು ಹೊಲಿಗಿಗಿ! ಮ್ಯಾಲ ಹೆಚ್ಚಾದದ್ದು ಅರಿಬಿಲೆ ಒರಸಿದ್ದು ಬ್ಯಾರೆ. ದ್ವೇಷ ಇದ್ದವರು ಹೊಲಿಗಿ ಜ್ವಾಕಿ ಮಾಡ್ತಾರೇನು? ಔಡಲೆಣ್ಣಿ ಹಿಂಗ ಯಾತಕ್ಕ ಹಚ್ತಾರ? ಎತ್ತಿನ ತೊಗಲ ಬಾರಿಗಿ, ಚಪ್ಪಲಿಗಿ. ತೊಗಲು ಬಿರುಸಾಗಬಾರದಂತ. ತೊಳದು ಒಣಗಿದ ನಿನ್ನ ಗ್ಲೌಸ್ ಬಿರುಸಾಗಿದ್ವು. ರಬ್ಬರ್ ಅಂತ ಗೊತ್ತಿಲ್ಲದವರು ತೊಗಲಂತ ತಿಳದ್ರು. ಇವತ್ತ ಆ ಮನ್ಯಾಗ ಎಣ್ಣಿ ಉಂಡ ಚಪ್ಪಲಿ ಯಾರವು?"

"ಮುತ್ಯಾ?" ಭುವನೇಶ್ವರಿ ತಲೆ ಕೊಡವಿದಳು. "ಇಲ್ರಿ, ನನ್ನ ಆಟ ಅಂದ್ರ ಆತಗ ಆಗಂಗಿಲ್ಲ. ಆತ ಸಂತಿಗಿ ಹೊಂಟಿದ್ದ."

"ಸಂತಿಗಿ ಹೋಗಾಂವ ಹಂಗ ಚಪ್ಪಲಿಗಿ ಎಣ್ಣಿ ಹಚ್ತಾನೇನು? ಅಲ್ಲಿ ನೋಡು."

ಗದ್ದಲದ ನಡುವೆ ದಾರಿ ಮಾಡಿಕೊಂಡು ರುಮಾಲಿನ ಹಣಮಂತ್ರಾಯ ಬರುತ್ತಿದ್ದ. ತಂಡವನ್ನು ಇಳಿಸಿ ಮತ್ತೆ ಊರಿಗೆ ಹೋದ ಮುರ್ತುಜಾನ ಗಾಡಿಯಲ್ಲಿ ಮುಂದಿನ ಸೀಟಿನಲ್ಲೇ ಕುಳಿತು ಬಂದಿದ್ದನಂತೆ. ಬಂದವನೇ ಮೊಮ್ಮಗಳ ಎರಡೂ ಕೈ ಹಿಡಿದುಕೊಂಡ.

"ಅಂಥಾ ಬಿರುಸು ಹಾಕ್ಕೊಂಡು ಚೆಂಡ ಹ್ಯಾಂಗ ಹಿಡೀತಿ ಅಂತ ಎಣ್ಣಿ ಹಚ್ಚಿ ಇಟ್ಟಿದ್ದೆ. ಛಲೋ ಮೆತ್ತಗಾಗಿದ್ದವಿಲ್ಲ?"

ಭುವನೇಶ್ವರಿ ಬಾಯಿ ತೆರೆದಳು. ಶಿವಕಾಂತಾ ಅವಳ ಕಾಲು ತುಳಿದಳು.

"ಭಾಳ ಮೆತ್ತಗಾಗಿದ್ವು ಮುತ್ಯಾ" ಎಂದಳು ಶಿವಕಾಂತಾಳೇ, "ಅದಕ್ಕ ನೋಡು, ಒಂದೂ ಗೋಲ್ ಆಗ್ಲಿಲ್ಲ!"

ಮುದುಕ ಎದೆಯುಬ್ಬಿಸಿ ಸುತ್ತಲಿದ್ದವರನ್ನೆಲ್ಲ ಒಮ್ಮೆ ನೋಡಿದ. ಆಮೇಲೆ ಮೊಮ್ಮಗಳ ಕಡೆ ತಿರುಗಿ ಗಂಭೀರವಾಗಿ ಕೇಳಿದ:

"ಮುಂದಿನ ಆಟ ಯಾವೂರಾಗ ಅದ? ಎಷ್ಟ ದೂರ ಇದ್ರೂ ನಾ ಬರ್ತೇನಿ."