ಒಂದೇ ಹೆಸರಿನ ಎರಡು ಡಿಸ್ಕುಗಳು

ಆ ಮೆಟ್ಟಿಲು ತಮ್ಮನದು. ಹೊಸ ಗ್ರಂಥಾಲಯದ ನಡುವಂಗಳದ ಸುತ್ತ ಬಳ್ಳಿಯಂತೆ ಹಬ್ಬಿ, ಓದುವವರಿಗೆ ಕೂರುವ ಜಾಗವೂ ಆಗುವ ಮೆಟ್ಟಿಲು. ಅದು ಹೊಳೆದದ್ದು ಅವನಿಗೆ. ಸ್ಪರ್ಧೆಗೆ ಹೋಗಲಿದ್ದ ನಕ್ಷೆಯ ಕೆಳಗೆ ಇದ್ದದ್ದು ಮಾತ್ರ ಅಕ್ಕನ ಹೆಸರು.

"ನೀನು ಹೇಳಿದ್ದು ಒಂದು ಮಾತು ಕಣೋ. ವರ್ಷವಿಡೀ ಗೆರೆ ಎಳೆದೋಳು ನಾನು," ಎಂದಿದ್ದಳು ಅವಳು. ಅವನು ಮೇಜು ಗುದ್ದಿದ. ಲೋಟ ಉರುಳಿ ಚಹಾ ಅವಳ ಕೀಬೋರ್ಡಿನ ಮೇಲೆಲ್ಲ ಹರಿಯಿತು. ಅಕ್ಕ ತುಟಿಪಿಟಕ್ಕೆನ್ನದೆ ತೋಳಿನಿಂದಲೇ ಒರೆಸಿದಳು. ಆ ಮೌನ ಅವನಿಗೆ ಇನ್ನಷ್ಟು ಉರಿ ಹತ್ತಿಸಿತು. ಬಡಿಸುವವರು ನಮ್ಮವರಾದರೆ ಎಲ್ಲಿ ಕೂತರೂ ಒಂದೇ ಎನ್ನುತ್ತಾರೆ. ಇಲ್ಲಿ ಬಡಿಸುವವಳು ಒಡಹುಟ್ಟಿದವಳೇ, ಆದರೂ ಅವನ ಪಾಲಿಗೆ ಬರಿ ತಟ್ಟೆ.

ಸೋಮವಾರ ಮಧ್ಯಾಹ್ನಕ್ಕೆ ಸ್ಪರ್ಧೆಯ ಬಾಗಿಲು ಮುಚ್ಚುತ್ತದೆ. ಭಾನುವಾರ ಅಕ್ಕ ಮಗಳ ಈಜು ಪಂದ್ಯಕ್ಕೆ ಹೋದ ಹೊತ್ತಿಗೆ ಅವನು ಕಚೇರಿಯ ಬೀಗ ತೆಗೆದ. ಬೀರುವಿನಲ್ಲಿ ಅವಳ ಬ್ಯಾಕಪ್ ಡಿಸ್ಕ್ ಇತ್ತು. ಕಂಪ್ಯೂಟರಿನ ಪಡಿಯಚ್ಚು ಅದು: ಹೆಸರೂ ಅದೇ, ಪರದೆಯ ಮೇಲೆ ಹಲ್ಲು ಬಿದ್ದ ಸೋದರಸೊಸೆಯ ಚಿತ್ರವೂ ಅದೇ. ಅದನ್ನು ಜೋಡಿಸಿ, ಕೀಬೋರ್ಡಿನ ಮೇಲಿನ ಸಾಲಿನ ಕಡೆಯ ಕೀಲಿ ಒತ್ತಿ ಹಿಡಿದು ಚಾಲೂ ಮಾಡಿದರೆ ಯಂತ್ರ ಹೊರಗಿನ ಡಿಸ್ಕಿನಿಂದ ಏಳುತ್ತದೆ. ಒತ್ತದಿದ್ದರೆ ಎಂದಿನಂತೆ ಒಳಗಿನದರಿಂದ. ಒತ್ತಿದರೆ ಒಳಗಿನ ಡಿಸ್ಕು ಮಲಗಿಯೇ ಇರುತ್ತದೆ, ಅವನ ಒಂದು ಹೆಜ್ಜೆಗುರುತೂ ಅದರಲ್ಲಿ ಮೂಡುವುದಿಲ್ಲ. ಆಮೇಲೆ ಅದನ್ನು ಅಳಿಸಿಬಿಟ್ಟರೆ ಹಳೇ ಯಂತ್ರ ಕೈಕೊಟ್ಟಿತು ಎಂದೇ ಎಲ್ಲರೂ ಅನ್ನುತ್ತಾರೆ. ನಕ್ಷೆ ತನ್ನದೆಂದು ತೋರಿಸಲು ಅಕ್ಕನ ಬಳಿ ಒಂದು ಗೆರೆಯೂ ಉಳಿದಿರುವುದಿಲ್ಲ. ಗುರುತುಗಳೆಲ್ಲ ಹೊರಗಿನ ಡಿಸ್ಕಿನಲ್ಲಿ, ಆ ಡಿಸ್ಕು ಹೊಳೆಯ ತಳದಲ್ಲಿ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಕೀಲಿಯ ಮೇಲೆ ಬೆರಳೂರಿ, ಪರದೆ ಬೆಳಗುವವರೆಗೂ ಒತ್ತಿ ಹಿಡಿದ. ಹೊರಗಿನ ಡಿಸ್ಕಿನಿಂದ ಯಂತ್ರ ತೆವಳುತ್ತಾ ಏಳುತ್ತದೆಂದು ಕೇಳಿದ್ದ. ಇದು ಚಕಚಕನೆ ಎದ್ದಿತು. ಅದೃಷ್ಟ ಕುದುರಿದರೆ ಹೀಗೇ. ಸೊಸೆ ಬೊಚ್ಚುಬಾಯಿ ಬಿಟ್ಟು ನಕ್ಕಳು. ಅವನು ಆ ಕಡೆ ಹೆಚ್ಚು ನೋಡಲಿಲ್ಲ. ನಕ್ಷೆ ತೆರೆದು, ಅಕ್ಕನ ಹೆಸರು ತೆಗೆದು ತನ್ನದು ಬರೆದ. ತನ್ನ ಮೇಲ್ ತೆರೆದು ಸ್ಪರ್ಧೆಗೆ ಕಳಿಸಿದ. ಅದರಿಂದ ಹೊರಬರುವ ಗೋಜಿಗೂ ಹೋಗಲಿಲ್ಲ, ಬೇಕಾದರೆ ಮೀನುಗಳು ಓದಿಕೊಳ್ಳಲಿ.

ಉಳಿದದ್ದು ಅಳಿಸುವ ಕೆಲಸ. ಪರದೆಯ ಮೇಲೆ ಒಂದೇ ಹೆಸರಿನ ಎರಡು ಡಿಸ್ಕುಗಳು, ಅವಳಿ ಮಕ್ಕಳ ಹಾಗೆ. ಅವನು ಗಲಿಬಿಲಿಗೊಳ್ಳಲಿಲ್ಲ. ತಾನು ಕೂತ ಕೊಂಬೆಯನ್ನು, ಅಂದರೆ ತಾನು ಎದ್ದುಬಂದ ಡಿಸ್ಕನ್ನು, ಕಡಿಯಲು ಯಂತ್ರ ಬಿಡುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಒಂದನ್ನು ಅಳಿಸು ಎಂದ, ಆಗದು ಎಂದಿತು. ಇನ್ನೊಂದನ್ನು ಎಂದ, ಒಪ್ಪಿಕೊಂಡಿತು. ಹಾಗಾದರೆ ಅಳಿದದ್ದು ಒಳಗಿನದೇ. ತನ್ನ ಬುದ್ಧಿಯ ಬಗ್ಗೆ ಅವನಿಗೇ ಹೆಮ್ಮೆ ಉಕ್ಕಿತು. ಯಂತ್ರ ನಿಲ್ಲಿಸಿ, ಸಂಜೆ ಸೇತುವೆಯ ಮೇಲಿಂದ ಡಿಸ್ಕನ್ನು ನೀರಿಗೆ ಬಿಟ್ಟ.

ಸೋಮವಾರ ಬೆಳಿಗ್ಗೆ ಅಕ್ಕನ ಫೋನು. "ಬೇಗ ಬಾ," ಎಂದಷ್ಟೇ ಹೇಳಿ ಇಟ್ಟಳು. ಅವನು ದಾರಿಯುದ್ದಕ್ಕೂ ಅಭ್ಯಾಸ ಮಾಡಿದ ಗಾಬರಿಯನ್ನು ಮುಖಕ್ಕೆ ಹಚ್ಚಿಕೊಂಡೇ ಬಾಗಿಲು ತಳ್ಳಿದ. "ಏನಾಯ್ತಕ್ಕಾ, ಡಿಸ್ಕ್ ಹೋಯ್ತಾ?"

ಅಕ್ಕ ತಿರುಗಲಿಲ್ಲ. ಅವಳ ಮುಂದೆ ಪರದೆ ಬೆಳಗುತ್ತಿತ್ತು. ಸೊಸೆ ನಗುತ್ತಿದ್ದಳು, ಪಕ್ಕದಲ್ಲಿ ಅವನ ಮೇಲ್, ಅವನ ಹೆಸರು ಹೊತ್ತ ಅವಳ ನಕ್ಷೆ. ಬೀರು ಬಾಯಿ ತೆರೆದುಕೊಂಡಿತ್ತು. "ನಿನ್ನೆ ನೀನು ಇದನ್ನ ಏಳಿಸಿದ್ದು ಬ್ಯಾಕಪ್ಪಿಂದ ಅಂದ್ಕೊಂಡ್ಯಾ?" ಎಂದಳು. ಹಳೇ ಕೀಬೋರ್ಡಿನ ಮೇಲಿನ ಸಾಲಿನ ಕಡೆಯ ಕೀಲಿಯನ್ನು ಬೆರಳಿನಿಂದ ಎರಡು ಸಲ ಕುಟ್ಟಿದಳು. "ಅವತ್ತು ಚಹಾ ಚೆಲ್ಲಿದ್ಯಲ್ಲ, ಇದು ಅವತ್ತೇ ಸತ್ತುಹೋಯ್ತು. ಹೇಳಿದ್ರೆ ನಿಂಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ ಕಣೋ."